ಮೂವರು ಸೈನಿಕರ ಪ್ಯಾಕಿನ ಮೂಲ ಹುಡುಕಿದ್ದು

ಮೊದಲ ದೂರು ಬಂದಾಗ ನಾನು ಅದನ್ನು ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಳೆಯ ಕೈಗಡಿಯಾರ, ಕ್ಯಾಮೆರಾ, ಆಟಿಕೆಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ, ಬಂದ ಮಾಲು ಮಾರುವವನು ಹೇಳಿದಷ್ಟು ಹಳೆಯದು ಹೌದೋ ಅಲ್ಲವೋ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ದೂರುಗಳು ದಿನವೂ ಬರುತ್ತವೆ. ಅರ್ಧಕ್ಕರ್ಧ ದೂರುಗಳಿಗೆ ಕಾರಣ ಕೊಂಡವರ ಮನಸ್ಸು ಬದಲಾಗಿರುವುದಷ್ಟೇ.

ಈ ದೂರು ಬೆಂಗಳೂರಿನ ಒಬ್ಬ ಗ್ರಾಹಕನದು. ಒಂದೇ ರಟ್ಟಿನ ಮೇಲೆ ಪ್ಲಾಸ್ಟಿಕ್ ಗುಳ್ಳೆಯೊಳಗೆ ಕೂರಿಸಿದ ಮೂರು ಸೈನಿಕ ಗೊಂಬೆಗಳ ಪ್ಯಾಕನ್ನು ಆತ ಕೊಂಡಿದ್ದ. ಬೆರಳುದ್ದದ ಗೊಂಬೆಗಳು, ಕೈಕಾಲು, ಸೊಂಟ ತಿರುಗುತ್ತವೆ, ಪ್ರತಿಯೊಬ್ಬನಿಗೂ ಒಂದೊಂದು ಆಯುಧ. ಸುಮಾರು ನಲವತ್ತು ವರ್ಷದ ಹಿಂದೆ ಹೌರಾದ ಒಂದು ಕಾರ್ಖಾನೆಯಲ್ಲಿ ತಯಾರಾದವು. ಇಂಥ ತೆರೆಯದ ಪ್ಯಾಕಿಗೆ ಸಂಗ್ರಹಕಾರರು ಕೇಳುವ ಬೆಲೆಯ ಕಾಲು ಭಾಗಕ್ಕೆ ನಮ್ಮಲ್ಲಿ ಸಿಗುತ್ತಿತ್ತು. ಮಾರುತ್ತಿದ್ದವನು ಹೌರಾದ ಒಬ್ಬ ವ್ಯಾಪಾರಿ. ದೂರಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನಲವತ್ತು ವರ್ಷದ ಗುಳ್ಳೆ ಹಳದಿಯಾಗದೆ ಇಷ್ಟು ತಿಳಿಯಾಗಿ ಉಳಿದದ್ದು ಹೇಗೆ?

ನಮ್ಮ ಮ್ಯಾನೇಜರನ್ನು ಎಲ್ಲರೂ ಇಲ್ಲಿಯ ಬಂಗಾಳಿ ರೂಢಿಯಂತೆ ದಾದಾ, ಅಂದರೆ ಅಣ್ಣ, ಎನ್ನುತ್ತೇವೆ. ದಸರೆಯ ಹೊತ್ತಿನ ಪೂಜೆಯ ಮಾರಾಟಕ್ಕೆ ಈ ಪ್ಯಾಕನ್ನೇ ಮುಂದಿಟ್ಟುಕೊಂಡು ಜಾಹೀರಾತು ಮಾಡಿಸಿದ್ದವರು ಅವರು.

"ಒಂದು ಸಾಲು ಸಾಕು. ಅಸಲಿಯೋ, ನಕಲಿಯೋ. ನಾಡಿದ್ದರೊಳಗೆ ಬರೆದುಕೊಡು," ಎಂದರು.

ಮಿಠಾಯಿ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಆಫೀಸು. ಹಿಂದಿನ ಕೋಣೆಯಲ್ಲಿ ನನ್ನ ಮೇಜು. ಅಲ್ಲಿ ಕೂತು ಕ್ರಮ ತಪ್ಪದೆ ಶುರು ಮಾಡಿದೆ. ಮೊದಲು ಭೂತಗನ್ನಡಿಯಲ್ಲಿ ರಟ್ಟಿನ ಅಚ್ಚು ನೋಡಿದೆ. ಬಣ್ಣದ ಚುಕ್ಕಿಗಳು ಹೂವಿನ ಎಸಳಿನ ಹಾಗೆ ಗುಂಪುಗುಂಪಾಗಿ ಕೂತಿದ್ದವು. ಹಳೆಯ ಆಫ್‌ಸೆಟ್ ಮುದ್ರಣ. ಈಗಿನ ಪ್ರಿಂಟರಿನ ಕೆಲಸವಾಗಿದ್ದರೆ ಚುಕ್ಕಿಗಳು ಸಿಡಿಸಿದಂತೆ ಕಾಣುತ್ತಿದ್ದವು. ಬೆಲೆಯ ಪಕ್ಕ ಸ್ಥಳೀಯ ತೆರಿಗೆ ಪ್ರತ್ಯೇಕ ಎಂದಿತ್ತು. ಫೋನ್ ನಂಬರಿಗೆ ಈಗಿನದಕ್ಕಿಂತ ಎರಡು ಅಂಕಿ ಕಡಿಮೆ. ದೀಪ ಆರಿಸಿ ನೇರಳಾತೀತ ಟಾರ್ಚು ಹಾಯಿಸಿದೆ. ಈಗಿನ ಬಿಳಿ ಕಾಗದ ಅದರ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಇದು ಮಂಕಾಗಿಯೇ ಇತ್ತು. ಗುಳ್ಳೆಯ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ನೀಲಿ ಗೆರೆ ಕಂಡಿತು. ಧೂಳಿರಬೇಕು ಎಂದುಕೊಂಡೆ.

ಒಂದು ಪ್ಯಾಕನ್ನು ಕತ್ತರಿಸಲು ದಾದಾ ಅವರಿಂದ ಸಹಿ ತೆಗೆದುಕೊಂಡೆ. ಸೈನಿಕನ ಬೆನ್ನಿನ ತಿರುಪು ಬಿಚ್ಚಿದರೆ ಒಳಗೆ ಸೊಂಟವನ್ನೂ ಕಾಲನ್ನೂ ಹಿಡಿದಿಡುವ ಸಣ್ಣ ರಬ್ಬರ್ ಬಳೆ ಇರುತ್ತದೆ. ಚಿಮಟದಲ್ಲಿ ಮುಟ್ಟಿದ್ದೇ ತಡ, ಅದು ಒಣಗಿದ ಹಪ್ಪಳದ ಹಾಗೆ ಪುಡಿಯಾಯಿತು. ತಿರುಪಿನ ತಲೆಗೆ ತುಕ್ಕು ಹಿಡಿದಿತ್ತು. ಇಷ್ಟಾದ ಮೇಲೆ ಇನ್ನೇನು ಬೇಕು? "ಅಸಲಿ. ಕಾರ್ಖಾನೆಯಲ್ಲೇ ಮುಚ್ಚಿದ ಪ್ಯಾಕು" ಎಂದು ಬರೆದು ಸಹಿ ಹಾಕಿದೆ. ಒಂದು ಸಾಲು ಕೇಳಿದ್ದರು, ಎರಡು ಕೊಟ್ಟೆ. ಆ ಎರಡನೆಯ ಸಾಲೇ ನನ್ನನ್ನು ಮೂರು ವಾರ ಅಲೆದಾಡಿಸಿತು.

ಬೆಂಗಳೂರಿನ ಗ್ರಾಹಕ ಆ ಪ್ರಮಾಣಪತ್ರ ನಂಬಿ ಇನ್ನೊಂದು ಪ್ಯಾಕು ಕೊಂಡ. ಅದು ಕೈಸೇರಿದ ದಿನವೇ ಆಫೀಸಿಗೆ ಫೋನ್ ಮಾಡಿದ. ಕನ್ನಡದವಳು ಒಬ್ಬಳಿದ್ದಾಳೆ ಎಂದು ಯಾರೋ ನನಗೇ ಕೊಟ್ಟರು.

"ಮೇಡಂ, ಈ ಪ್ಯಾಕಲ್ಲಿ ವೈರ್‌ಲೆಸ್‌ನವನ ಕೈಗೆ ಸ್ನೈಪರ್ ಗನ್ ಕೊಟ್ಟಿದ್ದಾರೆ. ಡಾಕ್ಟರಿಗೆ ಬಜೂಕಾ. ಫ್ಯಾಕ್ಟ್ರೀಲಿ ಹಾಗೆ ಬರೋಕೆ ಸಾಧ್ಯಾನೇ ಇಲ್ಲ. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ಕೊಡಿಸಿದ ಪ್ಯಾಕು ಇನ್ನೂ ಸೀಲ್ ಒಡೀದೆ ಇಟ್ಕೊಂಡಿದ್ದೀನಿ."

"ಯಾವುದೋ ಒಂದರಾಗ ತಪ್ಪಾಗಿರಬಹುದ್ರೀ," ಎಂದೆ.

"ಎರಡ್ರಲ್ಲೂ ತಪ್ಪಾಗಿದೆ ಮೇಡಂ. ನೀವು ಅಸಲಿ ಅಂದ್ರಿ ಅಂತ ನಮ್ಮ ಗ್ರೂಪಲ್ಲಿ ನಾನೇ ಎಲ್ಲರಿಗೂ ತಗೊಳ್ಳಿ ಅಂದೆ. ಈಗ ಅವರಿಗೆ ಏನು ಹೇಳ್ಲಿ?"

ಕಪಾಟಿನಲ್ಲಿ ಉಳಿದಿದ್ದ ಪ್ಯಾಕುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಆಯುಧಗಳೆಲ್ಲ ಅದಲುಬದಲು. ನನಗೆ ನಾಚಿಕೆಯಾಗುವುದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಕೇಳಿದ್ದರೆ ವ್ಯಾಪಾರಿಯ ಮೇಲೆ ಎನ್ನುತ್ತಿದ್ದೆ.

ಅಂದು ಕತ್ತರಿಸಿದ ಪ್ಯಾಕಿನ ಗುಳ್ಳೆಯ ಚೂರನ್ನು ಮನೆಗೆ ತಂದೆ. ಫುಟ್‌ಪಾತಿನ ಹಳೆ ಸಾಮಾನಿನವನ ಹತ್ತಿರ ಅದೇ ಕಾಲದ ಒಂದು ಬಾಚಣಿಗೆಯ ಪ್ಯಾಕು ಸಿಕ್ಕಿತ್ತು. ಅದರ ಹಳದಿ ಗುಳ್ಳೆಯ ಚೂರೂ ಜೊತೆಗಿತ್ತು. ಆಗಿನ ಗುಳ್ಳೆಗಳನ್ನು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದರು, ಈಗ ಬೇರೆಯದರಲ್ಲಿ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಪಿವಿಸಿಗೆ ತಾಗಿಸಿ ಮತ್ತೆ ಉರಿಗೆ ಹಿಡಿದರೆ ಉರಿ ಹಸಿರಾಗುತ್ತದೆ. ನನ್ನ ಗಂಡ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸಂಶೋಧಕ. ಅವರ ಕೆಲಸಕ್ಕೆಂದೇ ಧಾರವಾಡದಿಂದ ಇಷ್ಟು ದೂರ ಬಂದವರು ನಾವು. ಅಡಿಗೆಮನೆಯ ಗ್ಯಾಸಿನ ಮುಂದೆ ನಾನು ತಂತಿ ಹಿಡಿದು ನಿಂತದ್ದನ್ನು ಕಂಡು ಬಾಗಿಲಲ್ಲೇ ನಿಂತರು.

"ಮೊದಲ ಕಿಟಕಿ ತಗಿ. ಆ ಹೊಗಿ ಚಲೋ ಅಲ್ಲ."

ಬಾಚಣಿಗೆಯ ಗುಳ್ಳೆಗೆ ಉರಿ ಎಳೆ ಬೇವಿನೆಲೆಯ ಹಸಿರಾಯಿತು. ತಂತಿ ತಿಕ್ಕಿ, ಮತ್ತೆ ಕಾಯಿಸಿ, ಸೈನಿಕರ ಗುಳ್ಳೆಗೆ ತಾಗಿಸಿದೆ. ಉರಿಯ ಬಣ್ಣ ಬದಲಾಗಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ.

"ಅಂದ್ರ ಗುಳ್ಳಿ ಹೊಸಾದು," ಎಂದರು ಅವರು.

"ಅಂದ್ರ ನಾ ಬರದದ್ದು ಸುಳ್ಳಾತು."

"ಸುಳ್ಳಂತಲ್ಲ. ಅವಸರಾತು."

ಆ ಸಮಾಧಾನ ನನಗೆ ಬೇಕಿರಲಿಲ್ಲ. ಅಂಚಿನಲ್ಲಿ ಕಂಡ ನೀಲಿ ಗೆರೆ ಧೂಳಲ್ಲ, ಹೊಸದಾಗಿ ಬಳಿದ ಅಂಟಿನದು ಎಂದು ಹೊಳೆದದ್ದು ಆಗ. ಕಂಡದ್ದನ್ನು ಕಾಣದವಳ ಹಾಗೆ ಬಿಟ್ಟಿದ್ದೆ.

ಮರುದಿನ ಹೌರಾದ ವ್ಯಾಪಾರಿಗೆ ಫೋನ್ ಮಾಡಿದೆ. ಮಾಲು ತನ್ನ ಚಿಕ್ಕಪ್ಪನ ಗೋಡೌನಿನದು ಎಂದ. ಗೋಡೌನು ನೋಡಬೇಕು ಎಂದರೆ, ಚಿಕ್ಕಪ್ಪ ಅದನ್ನು ಮಾರಿಬಿಟ್ಟ ಎಂದ. ಕೊಂಡವರು ಯಾರು ಎಂದರೆ, ಅಸಲು ಇದು ಕಾಳಿಘಾಟ್‌ನಲ್ಲಿ ಬಾಗಿಲು ಹಾಕಿದ ಆಟಿಕೆ ಅಂಗಡಿಯ ಮಾಲು ಎಂದ. ಕಾಳಿಘಾಟ್‌ಗೆ ಹೋದೆ. ಅವನು ಹೇಳಿದ ಗಲ್ಲಿಯಲ್ಲಿ ಇದ್ದದ್ದು ದೇವರ ಪಟ, ಶಂಖದ ಬಳೆ ಮಾರುವ ಅಂಗಡಿಗಳು. ಯಾತ್ರಿಕರ ನೂಕುನುಗ್ಗಲಿನಲ್ಲಿ ಸೈನಿಕರ ಪ್ಯಾಕು ಹಿಡಿದು ಅಂಗಡಿಯಿಂದ ಅಂಗಡಿಗೆ ತೋರಿಸುತ್ತಾ ಹೋದೆ. ಒಬ್ಬ ಮುದುಕ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇಂಥ ಅಂಗಡಿ ಈ ಗಲ್ಲಿಯಲ್ಲಿ ಯಾವತ್ತೂ ಇರಲಿಲ್ಲ. ಐವತ್ತು ವರ್ಷದಿಂದ ಇಲ್ಲೇ ಕೂತಿದ್ದೇನೆ," ಎಂದ. ಮತ್ತೆ ಫೋನ್ ಮಾಡಿದರೆ ವ್ಯಾಪಾರಿ ಎತ್ತಲೇ ಇಲ್ಲ.

ರಟ್ಟಿನ ಮೇಲಿದ್ದ ಕಾರ್ಖಾನೆಯ ವಿಳಾಸ ಹಿಡಿದು ಲಾಂಚಿನಲ್ಲಿ ನದಿ ದಾಟಿ ಹೌರಾಕ್ಕೆ ಹೋದೆ. ಆ ನಂಬರಿನಲ್ಲಿ ಈಗ ಆರಂತಸ್ತಿನ ಫ್ಲ್ಯಾಟುಗಳು. ಕಾವಲಿನವನು ಬಿಹಾರದಿಂದ ಬಂದು ಎರಡು ವರ್ಷವಷ್ಟೇ. ಎದುರಿನ ಚಹಾದಂಗಡಿಯವನಿಗೆ, ಇಲ್ಲೊಂದು ಕಾರ್ಖಾನೆ ಇತ್ತು ಎನ್ನುವುದು ಗೊತ್ತು, ಏನು ಮಾಡುತ್ತಿದ್ದರು ಎನ್ನುವುದು ಗೊತ್ತಿಲ್ಲ. ಬಿಸಿಲಲ್ಲಿ ನಿಂತು ಮಣ್ಣಿನ ಕುಡಿಕೆಯಲ್ಲಿ ಮೂರು ಸಲ ಚಹಾ ಕುಡಿದು ಬರಿಗೈಯಲ್ಲಿ ವಾಪಸಾದೆ. ಮಾರನೆಯ ದಿನ ಇನ್ನೊಂದು ಗಲ್ಲಿ, ಅದರ ಮಾರನೆಯ ದಿನ ಮತ್ತೊಂದು. ದಾದಾ ದಿನಕ್ಕೆರಡು ಸಲ ಕೇಳುತ್ತಿದ್ದರು.

"ನಕಲಿ ಅಂತ ಬರೆ, ಮುಗಿಸು. ಒಂದು ಗೊಂಬೆಗೆ ಇಷ್ಟು ದಿನ ಯಾರು ಕೊಡುತ್ತಾರೆ?"

"ರಟ್ಟು ಹಳೆಯದು ದಾದಾ, ಗೊಂಬೆ ಹಳೆಯದು. ನಕಲಿ ಅಂದರೂ ಸುಳ್ಳಾಗುತ್ತದೆ."

"ಹಾಗಾದರೆ ಅಸಲಿ ಅಂತಲೇ ಇರಲಿ ಬಿಡು."

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅವರಿಗೆ ಬೇಕಾದದ್ದು ಎರಡರಲ್ಲಿ ಒಂದು ಪದ, ನನಗೆ ಸಿಗದಿದ್ದದ್ದೂ ಅದೇ.

ದಾರಿ ತೋರಿಸಿದ್ದು ಬೆಂಗಳೂರಿನ ಗ್ರಾಹಕ. ಅವನ ಬಾಲ್ಯದ ಪ್ಯಾಕಿನ ಫೋಟೋ ಬೇಕು ಎಂದು ಕೇಳಿದ್ದೆ; ಟಾರ್ಚನ್ನು ಪಕ್ಕದಿಂದ ಹಿಡಿದು, ನೆರಳು ಬೀಳುವಂತೆ ಅಂಚಿನ ಫೋಟೋ ತೆಗೆಯಿರಿ ಎಂದೂ ಹೇಳಿದ್ದೆ. ಬೇಸರದಲ್ಲೇ ಕಳಿಸಿದ. ಗುಳ್ಳೆಯನ್ನು ರಟ್ಟಿಗೆ ಬಿಸಿ ಅಚ್ಚಿನಿಂದ ಒತ್ತಿದಾಗ ಅಂಚಿನ ಸುತ್ತ ಸಣ್ಣ ಚೌಕಳಿ ಗುರುತು ಮೂಡುತ್ತದೆ. ಅವನ ಹಳದಿ ಗುಳ್ಳೆಯ ಬಲಗಡೆ ಕೆಳಮೂಲೆಯಲ್ಲಿ ಆ ಚೌಕಳಿಯ ಎರಡು ಮನೆ ಅಳಿಸಿಹೋಗಿದ್ದವು. ಅಚ್ಚಿನ ಎರಡು ಹಲ್ಲು ಮುರಿದಿದ್ದವು ಎಂದರ್ಥ. ನನ್ನ ಕಪಾಟಿನ ಪ್ಯಾಕುಗಳನ್ನು ಹಾಗೇ ಓರೆ ಬೆಳಕಿನಲ್ಲಿ ಹಿಡಿದೆ. ಮೊದಲನೆಯದರಲ್ಲಿ ಬಲಗಡೆ ಕೆಳಮೂಲೆ, ಎರಡು ಮನೆ ಖಾಲಿ. ಎರಡನೆಯದರಲ್ಲೂ. ಎಲ್ಲದರಲ್ಲೂ.

ಹೊಸ ಗುಳ್ಳೆಗಳನ್ನು ಒತ್ತಿದ್ದೂ ನಲವತ್ತು ವರ್ಷದ ಹಿಂದಿನ ಅದೇ ಅಚ್ಚು. ಅಂದರೆ ಕಾರ್ಖಾನೆ ಹೋಗಿದ್ದರೂ ಅದರ ಯಂತ್ರ ಎಲ್ಲೋ ಇನ್ನೂ ಓಡುತ್ತಿತ್ತು.

ಹುಡುಕುವುದು ಗೊಂಬೆಯನ್ನಲ್ಲ, ಯಂತ್ರವನ್ನು ಎಂದಾದ ಮೇಲೆ ಕೆಲಸ ಎರಡೇ ದಿನದ್ದಾಯಿತು. ಹೌರಾದಲ್ಲಿ ಬೀಗ, ಬಾಚಣಿಗೆ, ತಿರುಪುಗಳನ್ನು ಗುಳ್ಳೆ ಪ್ಯಾಕು ಮಾಡಿಕೊಡುವ ಸಣ್ಣ ಮನೆಗಳು ಎಷ್ಟೋ ಇವೆ. ಆ ಯಂತ್ರಗಳನ್ನು ಬಿಸಿ ಮಾಡುವ ಕಾಯಿಲು ಸುಟ್ಟರೆ ಹೊಸದು ಕಟ್ಟಿಕೊಡುವ ರಿಪೇರಿ ಮಿಸ್ತ್ರಿಗಳು ಬೆರಳೆಣಿಕೆಯಷ್ಟು. ಮೂರನೆಯ ಮಿಸ್ತ್ರಿ ಫೋಟೋ ನೋಡಿ ನಕ್ಕ.

"ಇದು ಕಾಲಿನಿಂದ ತುಳಿಯುವ ಮಷೀನು. ಹಿತ್ತಾಳೆ ಅಚ್ಚು ಬದಲಾಯಿಸಿ ಅಂತ ಎಷ್ಟು ಸಲ ಹೇಳಿದೆ, ಮಾಶಿಮಾ ಕೇಳುವುದಿಲ್ಲ."

ಮಾಶಿಮಾ ಎಂದರೆ ಇಲ್ಲಿ ವಯಸ್ಸಾದ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ನಮ್ಮ ಕಡೆ ಮೌಶಿ, ಚಿಕ್ಕಮ್ಮ ಎನ್ನುವ ಹಾಗೆ. ಅವರ ಮನೆ ರೈಲು ಹಳಿಯ ಹಿಂದಿನ ಗಲ್ಲಿಯಲ್ಲಿತ್ತು. ಬಾಗಿಲಲ್ಲೇ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಎಪ್ಪತ್ತು ದಾಟಿದ, ಸಣಕಲು ಮೈಯ ಹೆಂಗಸು ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತು ಹೇರ್ ಕ್ಲಿಪ್ಪುಗಳನ್ನು ಪ್ಯಾಕು ಮಾಡುತ್ತಿದ್ದರು. ಬಲಗಾಲಿನಿಂದ ತುಳಿದು, ಉಸಿರು ಹಿಡಿದು, ಬಿಟ್ಟು, ರಟ್ಟು ತೆಗೆದಿಡುತ್ತಿದ್ದರು.

ನಾನು ಯಾರು, ಏಕೆ ಬಂದೆ ಎಂದು ನನ್ನ ಹರಕುಮುರುಕು ಬಂಗಾಳಿಯಲ್ಲಿ ಹೇಳಿದೆ. ಅವರು ಏನನ್ನೂ ಅಡಗಿಸಲಿಲ್ಲ. ಮಂಚದ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಬಾಯಿ ಬಿಚ್ಚಿದರು. ಒಳಗೆ ನೂರಾರು ಸೈನಿಕರು.

ಆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಅವರು ಮುಖ್ಯಸ್ಥೆಯಾಗಿದ್ದರಂತೆ. ಮುಚ್ಚುವ ದಿನ ಮಾಲೀಕರು, ಬೇಕಾದ್ದು ಒಯ್ಯಿರಿ ಎಂದರು. ಉಳಿದವರು ಫ್ಯಾನು, ಮೇಜು, ಬೀರು ಹೊತ್ತುಕೊಂಡು ಹೋದರು. ಇವರು ಈ ಯಂತ್ರವನ್ನೂ, ಯಾರಿಗೂ ಬೇಡವಾದ ಗೊಂಬೆ, ರಟ್ಟುಗಳನ್ನೂ ತಳ್ಳುಗಾಡಿಯಲ್ಲಿ ತಂದರು. ಇಷ್ಟು ವರ್ಷ ಅವು ಮಂಚದ ಕೆಳಗೇ ಇದ್ದವು. ಹೋದ ವರ್ಷ ಅದೇ ವ್ಯಾಪಾರಿ ಬೀಗ ಪ್ಯಾಕು ಮಾಡಿಸಲು ಬಂದವನು ಗೋಣಿ ನೋಡಿದ. ಹೊಸ ಗುಳ್ಳೆ ತಂದುಕೊಟ್ಟು, ಇವನ್ನೂ ಪ್ಯಾಕು ಮಾಡಿ, ಮಕ್ಕಳಿಗೆ ಮಾರುತ್ತೇನೆ ಎಂದ.

"ಗುಳ್ಳೆ ಹಳೆಯದು ಅಂತ ಅವನು ಹೇಳಿ ಮಾರುತ್ತಿದ್ದಾನೆ ಮಾಶಿಮಾ. ಕೊಂಡವರು ನಕಲಿ ಅನ್ನುತ್ತಿದ್ದಾರೆ."

ಕಾಲು ಪೆಡಲಿನ ಮೇಲೇ ನಿಂತಿತು.

"ನಕಲಿ? ಆಗ ಒತ್ತಿದವಳೂ ನಾನೇ, ಈಗ ಒತ್ತಿದವಳೂ ನಾನೇ. ಅದೇ ಮಷೀನು, ಅದೇ ರಟ್ಟು. ಯಾವುದಮ್ಮಾ ನಕಲಿ?"

ನಾನು ತಂದಿದ್ದ ಪ್ಯಾಕನ್ನು ಅವರ ಕೈಗೆ ಕೊಟ್ಟೆ. ಕೇಳಿದೆ, "ಆಯುಧಗಳು ಯಾಕೆ ಅದಲುಬದಲು?"

ಅವರು ಮುಖ ತಿರುಗಿಸಿದರು. "ಆಗ ಯಾರಿಗೆ ಯಾವುದು ಅಂತ ಗೋಡೆಗೆ ಚಾರ್ಟು ಅಂಟಿಸಿರುತ್ತಿದ್ದರು. ಈಗ ನೆನಪಿನಿಂದ ಹಾಕಿದೆ. ಕಣ್ಣೂ ಸರಿಯಾಗಿ ಕಾಣುವುದಿಲ್ಲ."

ವಾಪಸು ಬರುವಾಗ ಲಾಂಚಿನ ಕಂಬಿ ಹಿಡಿದು ನಿಂತು ಯೋಚಿಸಿದೆ. ನಕಲಿ ಎಂದು ಬರೆದರೆ ದಾದಾ ವ್ಯಾಪಾರಿಯನ್ನು ತೆಗೆದುಹಾಕಿ ಕೈತೊಳೆದುಕೊಳ್ಳುತ್ತಾರೆ. ವ್ಯಾಪಾರಿ ಗೋಣಿಯನ್ನೇ ಎತ್ತಿಕೊಂಡು ಬೇರೆ ಕಡೆ ಇದೇ ಸುಳ್ಳು ಹೇಳುತ್ತಾನೆ. ಆ ಹೆಂಗಸಿನ ಹೆಸರಿಗೆ ನಕಲಿ ಮಾಡುವವಳು ಎನ್ನುವುದೊಂದು ಉಳಿಯುತ್ತದೆ. ಅಸಲಿ ಎಂದು ಬಿಟ್ಟರೆ ನನ್ನ ಸಹಿ ನಂಬಿ ಕೊಂಡವರಿಗೆ ಮೋಸ. ಇಷ್ಟೂ ದಿನ ಬೇರೆಯವರ ಸುಳ್ಳು ಹುಡುಕುತ್ತಾ ತಿರುಗಿದ್ದೆ. ಕಾಗದದ ಮೇಲೆ ಸಹಿ ಹಾಕಿದ ಸುಳ್ಳು ಒಂದೇ ಒಂದು, ಅದು ನನ್ನದು. ಮೊದಲು ಅದನ್ನು ವಾಪಸು ತೆಗೆದುಕೊಳ್ಳಬೇಕಿತ್ತು.

ಆಫೀಸಿಗೆ ಹೋಗಿ, ಪ್ಯಾಕು ಕೊಂಡ ಪ್ರತಿಯೊಬ್ಬರಿಗೂ ಕಳಿಸಲು ಒಂದು ಪತ್ರ ಬರೆದೆ. ನಾನು ಕೊಟ್ಟ ಪ್ರಮಾಣಪತ್ರ ತಪ್ಪು. ಗೊಂಬೆ ಮತ್ತು ರಟ್ಟು ಹಳೆಯವು. ಗುಳ್ಳೆ ಹೊಸದು, ಅದೇ ಕಾರ್ಖಾನೆಯ ಯಂತ್ರದಲ್ಲಿ, ಅಲ್ಲಿಯ ಹಳೆಯ ಕೆಲಸಗಾರ್ತಿ ಈಚೆಗೆ ಒತ್ತಿದ್ದು. ಆಯುಧಗಳು ತಪ್ಪಾಗಿವೆ. ಬೇಡವಾದವರು ವಾಪಸು ಕಳಿಸಬಹುದು.

ದಾದಾ ಎರಡು ಸಲ ಓದಿದರು.

"ಪೂಜೆಯ ಮಾರಾಟದ ಹೊತ್ತಿಗೆ ಇದನ್ನು ಕಳಿಸುತ್ತೀಯಾ? ನಾನು ಒಂದು ಸಾಲು ಕೇಳಿದ್ದೆ."

"ಒಂದೆರಡು ಸಾಲಿನಲ್ಲಿ ಮುಗಿಸಲು ಹೋಗಿಯೇ ತಪ್ಪಾಯಿತು ದಾದಾ. ಸಹಿ ನನ್ನದು, ವಾಪಸು ತೆಗೆದುಕೊಳ್ಳುವುದೂ ನಾನೇ. ನೀವು ಬೇಡವೆಂದರೆ ಇನ್ನು ಮುಂದೆ ಯಾವುದಕ್ಕೂ ಸಹಿ ಹಾಕುವುದಿಲ್ಲ."

ಪತ್ರವನ್ನು ನನ್ನ ಕಡೆಗೆ ತಳ್ಳಿ, "ಕಳಿಸು," ಎಂದರು. ಮಾರನೆಯ ವಾರ ಸಹಿ ಮಾಡುವ ಕೆಲಸವನ್ನು ನನ್ನಿಂದ ತೆಗೆದು, ಕೈಗಡಿಯಾರಗಳ ಫೋಟೋ ತೆಗೆಯುವ ಮೇಜಿಗೆ ಕೂರಿಸಿದರು. ಈಗಲೂ ಅಲ್ಲೇ ಇದ್ದೇನೆ.

ಪ್ಯಾಕುಗಳು ಒಂದೊಂದಾಗಿ ವಾಪಸು ಬಂದವು. ಬೆಂಗಳೂರಿನವನು ಎರಡನ್ನೂ ಕಳಿಸಿದ. ಅವನಾದರೂ ಇಟ್ಟುಕೊಳ್ಳಬಹುದು ಎಂಬ ಆಸೆ ನನಗಿತ್ತು. ಫೋನ್ ಮಾಡಿದೆ.

"ಈಗ ನೀವು ಬರೆದಿರೋದು ಸರಿ ಇದೆ ಮೇಡಂ, ಒಪ್ತೀನಿ. ಆದ್ರೆ ಇವನ್ನ ನೋಡಿದಾಗೆಲ್ಲ ನಾನು ಗ್ರೂಪಲ್ಲಿ ಕೊಚ್ಕೊಂಡಿದ್ದೇ ನೆನಪಾಗುತ್ತೆ. ಬೇಡ ಬಿಡಿ."

"ಖರೇ ಅದ ನಿಮ್ಮ ಮಾತು," ಎಂದೆ. ನನ್ನ ಪತ್ರವನ್ನು ಅವರ ಗ್ರೂಪಿಗೂ ಹಾಕಲು ಕೇಳಿಕೊಂಡೆ. ಹಾಕಿದ. ಯಾರಿಗೆ ಯಾವ ಆಯುಧ ಎನ್ನುವ ಪಟ್ಟಿಯನ್ನು ಚಿತ್ರ ಸಮೇತ ತಾನಾಗಿಯೇ ಕಳಿಸಿಕೊಟ್ಟ.

ವ್ಯಾಪಾರಿಯ ಫೋನು ಕೊನೆಗೂ ಹತ್ತಲಿಲ್ಲ. ವಾಪಸಾದ ಮಾಲು ಕಪಾಟಿನಲ್ಲಿ ಜಾಗ ತಿನ್ನುತ್ತಿದೆ, ಎಸೆದುಬಿಡು ಎಂದರು ದಾದಾ. ಎಸೆಯುವುದಾದರೆ ನಾನು ಒಯ್ಯುತ್ತೇನೆ ಎಂದೆ. ಒಯ್ಯಿ ಎನ್ನುವ ಹಾಗೆ ಅವರು ಕೈಬೀಸಿದರು.

ಭಾನುವಾರ ಎರಡು ದೊಡ್ಡ ಚೀಲಗಳಲ್ಲಿ ತುಂಬಿಕೊಂಡು ಹೌರಾಕ್ಕೆ ಹೋದೆ. ಮಾಶಿಮಾ ಒಂದು ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ಒಂದು ಪ್ಯಾಕು ತೆಗೆದುಕೊಂಡು ಹಿಂಬದಿಗೆ ಹೆಬ್ಬೆರಳು ಒತ್ತಿ, ರಟ್ಟು ಹರಿಯದ ಹಾಗೆ ಗುಳ್ಳೆಯನ್ನು ಒಂದೇ ಎಳೆತಕ್ಕೆ ಬಿಡಿಸಿದರು. ನಾನು ಬ್ಲೇಡು ಹಿಡಿದು ಅರ್ಧ ಗಂಟೆ ಒದ್ದಾಡಿದ್ದ ಕೆಲಸ ಅದು.

ನೆಲದ ಮೇಲೆ ಹಳೆಯ ಸೀರೆ ಹಾಸಿ ಕೂತೆವು. ನಾನು ಪಟ್ಟಿ ನೋಡಿ ಹೇಳುವುದು, ಅವರು ಹುಡುಕಿ ಕೊಡುವುದು. ವೈರ್‌ಲೆಸ್‌ನವನಿಗೆ ಪಿಸ್ತೂಲು. ಡಾಕ್ಟರಿಗೆ ಔಷಧಿ ಪೆಟ್ಟಿಗೆ. ಕೆಲವು ಕಡೆ ಅವರು ಪಟ್ಟಿಯನ್ನೇ ಒಪ್ಪಲಿಲ್ಲ. "ಇಲ್ಲ, ಇವನಿಗೆ ಉದ್ದ ಬಂದೂಕೇ. ಬರೆದವನಿಗೆ ಗೊತ್ತಿಲ್ಲ," ಎಂದು ತಮಗೆ ಸರಿ ಕಂಡದ್ದನ್ನೇ ಇಟ್ಟರು. ನಾನು ವಾದಿಸಲಿಲ್ಲ. ಮತ್ತೆ ಗುಳ್ಳೆ ಒತ್ತಿದ ಮೇಲೆ ಪ್ರತಿಯೊಂದರ ಹಿಂದೆ ಈ ವರ್ಷದ ಇಸವಿ ಬರೆಯಬೇಕು ಎಂದೆ. ಏಕೆ ಎಂದು ಕೇಳದೆ, ಪೆನ್ನು ತೆಗೆದುಕೊಂಡು ದಪ್ಪ ಬಂಗಾಳಿ ಅಂಕಿಗಳಲ್ಲಿ ತಾವೇ ಬರೆಯಲು ಶುರು ಮಾಡಿದರು. ಇವನ್ನು ಯಾರು ಕೊಳ್ಳುತ್ತಾರೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಯುಧಗಳು ಮುಗಿದವು; ಕೊಂಡವರು ತೆರೆದು ನೋಡಿ ಕಳಿಸಿದ್ದ ಕೆಲವು ಪ್ಯಾಕುಗಳಲ್ಲಿ ಅವು ಕಳೆದುಹೋಗಿದ್ದವು. ಸೀರೆಯ ಮೇಲೆ ಇನ್ನೂ ಆರು ಸೈನಿಕರು ಬರಿಗೈಯಲ್ಲಿ ಮಲಗಿದ್ದರು. ಗೋಣಿ ಕೊಡವಿದೆ, ಮಂಚದ ಕೆಳಗೆ ಕೈಹಾಕಿ ತಡಕಾಡಿದೆ. ಏನೂ ಸಿಗಲಿಲ್ಲ.

"ಇವರಿಗೇನು ಕೊಡೋಣ ಮಾಶಿಮಾ?"

ಅವರು ಆರನ್ನೂ ಕೈಗೆತ್ತಿಕೊಂಡು, ಒಬ್ಬೊಬ್ಬನ ತೋಳನ್ನೂ ಕೆಳಗಿಳಿಸಿ, ಮೂವರು ಮೂವರಂತೆ ಎರಡು ಗುಳ್ಳೆಯೊಳಗೆ ಸಾಲಾಗಿ ಕೂರಿಸಿದರು.

"ಏನೂ ಬೇಡ. ಇವರು ಹೀಗೇ ಮನೆಗೆ ಹೋಗಲಿ," ಎಂದು ಪೆಡಲು ತುಳಿದರು.